ಕಲ್ಲಿನ ಮೇಲೆ ನಾನು ಅರೆದ ರಾಗಿ

ನಂದಿನಿ, ಆ ಅರೆಯುವ ಕಲ್ಲನ್ನು ನಾನು ಮುಟ್ಟಿದ್ದೆ. ಮುಟ್ಟಿದ್ದಷ್ಟೇ ಅಲ್ಲ — ಅದರ ಮೇಲೆ ರಾಗಿ ಅರೆದಿದ್ದೆ. ನೀನು ಕೇಳಿದಾಗ ಇಲ್ಲ ಎಂದೆ.

ಯಗಟಿ ಊರಾಚೆಯ ಬೋರೆ ದಿಬ್ಬದಲ್ಲಿ ಹಳೇ ಕಾಲದ ಜನರ ನೆಲೆ ಅಗೆಯಲು ನೀವು ಬಂದಾಗ, ಅಕ್ಷರ ದುಂಡಗಿದೆ ಎಂದು ನನ್ನನ್ನು ದಿನದ ಪುಸ್ತಕ ಬರೆಯಲು ಕೂರಿಸಿದಿರಿ. ಯಾವ ಗುಂಡಿ, ಎಷ್ಟು ಆಳ, ಸಿಕ್ಕಿದ್ದು ಬೂದಿಯೋ ಮೂಳೆಯೋ ಮಡಕೆ ಚೂರೋ — ಎಲ್ಲ ಬರೆದೆ. ಎರಡು ಹನಿ ಮಳೆ ಉದುರಿದ್ದನ್ನೂ, ಕುರಿಗಳು ಗುಂಡಿಯ ಅಂಚು ತುಳಿದದ್ದನ್ನೂ ಬಿಡಲಿಲ್ಲ.

ಕಲ್ಲು ಸಿಕ್ಕ ದಿನ, ಅಗೆಯುತ್ತಿದ್ದ ವೀರಣ್ಣ ಗುಂಡಿಯೊಳಗಿಂದಲೇ ಕೂಗಿದ: "ಗಿರಿಜಕ್ಕಾ, ನಿಮ್ಮತ್ತೆಯೋರ ಅತ್ತೆ ಕಲ್ಲು ಸಿಕ್ತು ಕಣಕ್ಕ! ಈವತ್ತು ಮುದ್ದೆ ಇಲ್ಲೇ!"

"ನೀನೇ ಅರಿ ಕಣೋ. ನಿನ್ ಹೆಂಡ್ತಿ ಒಂದಿನ ನೋಡಿ ಸಂತೋಷ ಪಡ್ಲಿ," ಎಂದೆ.

ನೀನು ನಗಲಿಲ್ಲ. "ಯಾರೂ ಕೈ ಹಾಕ್ಬೇಡಿ. ಅವ್ರು ಅರೆದ ಕಾಳಿನ ಕಣ ಇನ್ನೂ ಕಲ್ಲಿನ ತೂತಲ್ಲಿ ಇರುತ್ತೆ. ಮೈಕ್ರೋಸ್ಕೋಪಲ್ಲಿ ಕಾಣುತ್ತೆ," ಎಂದೆ. ಎಲ್ಲರೂ ಜಾಲಿ ಮರದಡಿ ಊಟಕ್ಕೆ ಹೋದಿರಿ. ಕಲ್ಲು ಕಾಯಲು ನಾನು ಕೂತೆ.

ನಮ್ಮ ಮನೆಯಲ್ಲಿ ಅರೆಯುವ ಕಲ್ಲನ್ನು ಬರಿದಾಗಿ ಎತ್ತುವುದಿಲ್ಲ. ಜಾಗ ಬದಲಿಸುವ ಮುಂಚೆ ಒಂದು ಚಿಟಿಕೆ ಧಾನ್ಯ ಹಾಕಿ, ಎರಡು ಸಲ ಅರೆದು, ಕೈಮುಗಿದು ಎತ್ತುತ್ತೇವೆ. ಊಟವಾದ ಮೇಲೆ ಈ ಕಲ್ಲನ್ನೂ ಎತ್ತುವವರಿದ್ದಿರಿ. ಕರೆಂಟಿಲ್ಲದೆ ಬೆಳಿಗ್ಗೆ ಗಿರಣಿಯವನು ವಾಪಸು ಕೊಟ್ಟ ರಾಗಿ ನನ್ನ ಚೀಲದಲ್ಲೇ ಇತ್ತು. ನಡುವೆ ತಗ್ಗಾಗಿ ಸವೆದ ಆ ಕಲ್ಲು... ಯಾರೋ ಹೆಂಗಸು ಮಂಡಿಯೂರಿ ಸವೆಸಿದ್ದು. ನಿನ್ನ ಮಾತು ಕೇಳಿಸಿರಲಿಲ್ಲ ಎಂದಲ್ಲ. ಕೇಳಿಸಿತ್ತು. ಆದರೂ ಮಣ್ಣು ಸರಿಸಿ, ರಾಗಿ ಹಾಕಿ, ಪಕ್ಕದ ಗುಂಡುಕಲ್ಲಿನಿಂದ ಅರೆದೆ.

ಅರೆದ ಮೇಲೆ ಹೆದರಿಕೆಯಾಯಿತು. ಸೆರಗಿನಲ್ಲಿ ಒರೆಸಿದೆ. ಗುಂಡಿಯ ಮಣ್ಣನ್ನೇ ತೆಗೆದು ಮೇಲೆ ಸವರಿದೆ — ಮೊದಲನೆಯದು ಭಕ್ತಿಯೆಂದರೆ, ಇದೇನು?

ನೀನು ಬಂದು ಬಗ್ಗಿ ನೋಡಿ ಕೇಳಿದೆ: "ಗಿರಿಜಕ್ಕ, ಯಾರೂ ಮುಟ್ಟಿಲ್ಲ ತಾನೇ?"

"ಇಲ್ಲ ಕಣಮ್ಮ."

ಅಷ್ಟೇ. ಪುಸ್ತಕದಲ್ಲಿ ಬರೆದೆ: ಕಲ್ಲು ಸಿಕ್ಕಿತು, ಮಧ್ಯಾಹ್ನ ಎತ್ತಲಾಯಿತು. ನಡುವೆ ಒಂದು ಸಾಲು ಬಿಟ್ಟೆ.

ತಿಂಗಳುಗಳ ಮೇಲೆ ನೀನು ಫೋನಿನಲ್ಲಿ ಕಿರುಚಿದೆ: "ಗಿರಿಜಕ್ಕಾ, ರಾಗಿ! ಆ ಕಾಲಕ್ಕೇ ನಮ್ಮೋರು ರಾಗಿ ತಿಂತಿದ್ರು ಕಣಕ್ಕ!" ನಾನು ಸೊಪ್ಪು ಸೋಸುತ್ತಿದ್ದೆ. ನಿಜ ಬಾಯಿವರೆಗೆ ಬಂತು... "ಒಳ್ಳೇದಾಯ್ತು ಕಣಮ್ಮ," ಎಂದುಬಿಟ್ಟೆ. ನಿನ್ನ ಸಂತೋಷಕ್ಕೆ ಮಣ್ಣು ಹಾಕಬಾರದೆಂದು ಸುಮ್ಮನಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ಹೆಸರು ಕೆಡುತ್ತದೆಂದು ಸುಮ್ಮನಿದ್ದೆ.

ಹೋದ ವಾರ ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕೆಯಲ್ಲ. ಆ ರಾಗಿ ಅಷ್ಟು ಹಳೆಯದೆಂದು ಇನ್ನೊಬ್ಬ ವಿದ್ವಾಂಸರು ನಂಬುತ್ತಿಲ್ಲ, ಈಚೆಗೆ ಮೇಲಿಂದ ಬಿದ್ದದ್ದಿರಬೇಕು ಎಂದು ಬರೆದಿದ್ದಾರೆ, ಎಂದೆ. ನಗುತ್ತಲೇ ಹೇಳಿದೆ: "ಗಿರಿಜಕ್ಕನ ಪುಸ್ತಕ ನೋಡಿ ಅಂದೆ. ಅಲ್ಲಿ ಕುರಿ ಕೆಮ್ಮಿದ್ರೂ ಬರ್ದಿರುತ್ತೆ ಅಂದೆ." ಅವರೊಂದಿಗೆ ಜಗಳಕ್ಕೆ ನಿಂತಿದ್ದೀಯ — ನನ್ನ ಅಕ್ಷರವನ್ನು ನಂಬಿ.

ನಿನ್ನ ಬಸ್ಸು ಹೊರಟಿತು. ಆಗಲೂ ನಾನು ಕೈ ಬೀಸಿದೆನೇ ಹೊರತು...

ಕ್ಷಮಿಸು ಎಂದು ಕೇಳುವುದಿಲ್ಲ. ಈ ಕಾಗದವನ್ನು ನಿನ್ನ ಜೊತೆ ಜಗಳವಾಡುವವರಿಗೂ ತೋರಿಸು, ಹೆಸರು ಮುಚ್ಚಬೇಡ. ಪುಸ್ತಕದ ಆ ದಿನದ ಪುಟಕ್ಕೆ ಇದನ್ನು ಸೇರಿಸಿಕೋ:

ಊಟದ ವೇಳೆ. ಗುಂಡಿಯಲ್ಲಿ ಗಿರಿಜ ಒಬ್ಬಳೇ. ಕಲ್ಲಿನ ಮೇಲೆ ಒಂದು ಚಿಟಿಕೆ ರಾಗಿ ಅರೆದಳು. ಈ ವರ್ಷದ ರಾಗಿ.