ಕರೆಂಟಣ್ಣ ಯಾವ ಮನೆಯವನು

ನನ್ನ ತಮ್ಮ ನನ್ನ ಮಾತಿಗೆ ಒಂದು ದಿನವೂ ಒಪ್ಪಿದವನಲ್ಲ. ಅವನು ಒಪ್ಪಿದ ದಿನ ನಾನು ಚೀರಿಬಿಟ್ಟೆ.

ಜಗಳದ ವಿಷಯ ಕೇಳಿದರೆ ನಗುತ್ತೀರಿ. ಚಿಕ್ಕವರಿದ್ದಾಗ ಕೊಟ್ಟೂರಿನ ಮನೆಯ ಪಡಸಾಲೆಯಲ್ಲಿ ನಾವಿಬ್ಬರೂ ಒಂದು ಮಾಯಾಶಾಲೆ ಕಟ್ಟಿದ್ದೆವು. ಮಂತ್ರ ಕಲಿಸುವ ಶಾಲೆಗಳನ್ನು ಟೀವಿಯಲ್ಲಿ ನೋಡಿದ್ದೆವು. ನಮ್ಮ ಕಾನ್ವೆಂಟಿನಲ್ಲೂ ಮಕ್ಕಳನ್ನು ಕೆಂಪು, ಹಸಿರು ಅಂತ ಹೌಸುಗಳಿಗೆ ಹಂಚುತ್ತಿದ್ದರು. ಎರಡನ್ನೂ ಕಲಸಿ ನಮ್ಮ ಶಾಲೆಗೆ ನಾಲ್ಕು ಮನೆ ಮಾಡಿದೆವು: ಬೆಂಕಿ, ನೀರು, ಗಾಳಿ, ಕಲ್ಲು. ವಿದ್ಯಾರ್ಥಿಗಳು ನಾವೇ ಹುಟ್ಟಿಸಿದ ಸೂಪರ್‌ಹೀರೋಗಳು. ಅವರ ಶಕ್ತಿ ನೋಡಿ ಮನೆ ಕೊಡುವಂತಿರಲಿಲ್ಲ. ಹೆದರಿದಾಗ ಏನು ಮಾಡುತ್ತಾರೆ, ಅದನ್ನು ನೋಡಬೇಕು. ಕೂಗಾಡಿ ಮೈಮೇಲೆ ಬೀಳುವವರು ಬೆಂಕಿ. ಸಂದಿ ಹುಡುಕಿ ಪಾರಾಗುವವರು ನೀರು. ಓಡಿಹೋಗುವವರು ಗಾಳಿ. ನಿಂತಲ್ಲೇ ನಿಲ್ಲುವವರು ಕಲ್ಲು.

ಗೋಡೆಯೊಳಗಿಂದ ತೂರಿಹೋಗುವ ಗೋಡೆಯಕ್ಕ ನೀರು, ಅದರಲ್ಲಿ ತಕರಾರಿಲ್ಲ. ಬೈದರೆ ಬಂಡೆ ಒಡೆಯುವ ಗುಡುಗಜ್ಜಿ ಬೆಂಕಿ. 'ನಿನ್ನಂಗ' ಅಂತ ತಮ್ಮ ಸೇರಿಸುತ್ತಿದ್ದ. ಮೂಗಿನ ತುದಿಯಲ್ಲೇ ಕೋಪ ನನಗೆ, ಸುಳ್ಳಲ್ಲ. ಜಗಳವೆಲ್ಲ ಕರೆಂಟಣ್ಣನದು. ಅವನ ಬೆರಳಲ್ಲಿ ಮಿಂಚಿತ್ತು, ಆದರೆ ಊರಿನ ಕರೆಂಟು ಹೋದರೆ ಅವನ ಶಕ್ತಿಯೂ ಹೋಗುತ್ತಿತ್ತು.

"ಕಿಡಿ ಹಾರಸೋನು ಬೆಂಕಿ ಮನಿಯವನಲೇ," ಎನ್ನುತ್ತಿದ್ದೆ ನಾನು.

"ಅಲ್ಲ ಬಿಡಕ್ಕ. ಕರೆಂಟ್ ಹೋದ್ರ ಅವ ಕೂಗಂಗಿಲ್ಲ, ಓಡಂಗಿಲ್ಲ. ಬರೋತನಕ ಅಲ್ಲೇ ನಿಂತಿರ್ತಾನ. ಕಲ್ಲು ಮನಿ."

ದೊಡ್ಡವರಾದರೂ ಇದು ಮುಗಿಯಲಿಲ್ಲ. ನಾನು ಹರಪನಹಳ್ಳಿಯಲ್ಲಿ ಬ್ಯಾಂಕು ಸೇರಿದೆ. ಅವನು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಹತ್ತಿ ರಿಪೇರಿ ಮಾಡುವ ಕೆಲಸಕ್ಕೆ ಸೇರಿದ. ಅಷ್ಟು ಎತ್ತರದಿಂದ ಫೋನು ಮಾಡಿ, "ಯಕ್ಕಾ, ಇವತ್ತರ ಒಪ್ಪಿಕೋ, ಕಲ್ಲು ಅನ್ನು," ಎನ್ನುತ್ತಿದ್ದ. ನಾನು ಒಪ್ಪುತ್ತಿರಲಿಲ್ಲ. ಇನ್ನೊಂದು ನಿಯಮವಿತ್ತು: ತನ್ನ ಮನೆಯನ್ನು ತಾನೇ ಆರಿಸಿಕೊಳ್ಳುವಂತಿಲ್ಲ, ಇನ್ನೊಬ್ಬರು ಹೇಳಬೇಕು. ಅವನು ನನ್ನದನ್ನು ಎಂದೋ ಹೇಳಿಬಿಟ್ಟಿದ್ದ. ನಾನು ಅವನದನ್ನು ಹೇಳಿರಲೇ ಇಲ್ಲ. ಕೇಳಿದಾಗೆಲ್ಲ, "ನಿನಗಿನ್ನೂ ಅಡ್ಮಿಷನ್ನೇ ಆಗಿಲ್ಲ, ಹೋಗಲೇ," ಎಂದು ಕಾಡಿಸುತ್ತಿದ್ದೆ.

ಹೋದ ವರ್ಷ ಅವನಿಗೆ ಕಾಮಾಲೆಯಾಯಿತು. ಕಣ್ಣು ಅರಿಶಿನ ಬಳಿದಂತೆ ಹಳದಿ. ಅವ್ವ ಅವನನ್ನು ಹರಪನಹಳ್ಳಿ ಕಡೆಯ ಅರಸೀಕೆರೆಯ ಆಚೆ ಒಂದು ಹಳ್ಳಿಗೆ ಕರೆದೊಯ್ದಳು. ಅಲ್ಲೊಬ್ಬ ಮುದುಕ ಸೊಪ್ಪಿನ ರಸ ಕೊಡುತ್ತಾನೆ. ಮೂರು ಭಾನುವಾರ, ಬರಿಹೊಟ್ಟೆಯಲ್ಲಿ, ಮಜ್ಜಿಗೆಯೊಳಗೆ. ಉಪ್ಪು, ಖಾರ, ಎಣ್ಣೆ ಬಿಡಬೇಕು. ಮೂರನೆಯದು ಮುಗಿಯುವತನಕ ಮೈಗೆ ಸೂಜಿ ತಾಗಬಾರದು. ನಮ್ಮ ಕಡೆ ಇದನ್ನು ಓದದವರಷ್ಟೇ ನಂಬುತ್ತಾರೆ ಅಂದುಕೊಳ್ಳಬೇಡಿ. ನಮ್ಮ ಬ್ಯಾಂಕಿನ ಮ್ಯಾನೇಜರೂ ಕುಡಿದು ಬಂದವರೇ. ಅವ್ವ ಹುಡುಗಿಯಾಗಿದ್ದಾಗ ಅದೇ ಮುದುಕನ ಅಪ್ಪನ ಔಷಧಿಯಿಂದ ಎದ್ದು ಕೂತವಳು.

"ಒಂದು ರೂಪಾಯಿ ಮುಟ್ಟಂಗಿಲ್ಲ ಆತ. ದುಡ್ಡು ಮುಟ್ಟದವ ಸುಳ್ಳು ಯಾಕ ಹೇಳ್ತಾನ?" ಎಂದಳು.

ನಾನು ರಜೆಗೆ ಬಂದಾಗ ಎರಡನೆಯ ಭಾನುವಾರ ಕಳೆದಿತ್ತು. ಆಸ್ಪತ್ರೆಗೆ ನಡೆಯಿರಿ ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ತಮ್ಮ ನನ್ನನ್ನು ಹಿತ್ತಲಿಗೆ ಕರೆದ. "ಅವ್ವನ ಜೊತಿ ಬಡದಾಡಬ್ಯಾಡಕ್ಕ. ಆಕಿನೂ ನನ್ನ ಜೊತಿ ಉಪ್ಪು ಬಿಟ್ಟಾಳ. ಇನ್ನೊಂದು ಭಾನುವಾರ ಐತಿ, ಅಷ್ಟ. ನಾ ಎಲ್ಲಿಗೂ ಹೋಗಂಗಿಲ್ಲ." ಅವನಿಗೆ ಹೆದರಿಕೆಯಾಗಿತ್ತು. ಅವನ ಕೈ ಹಿಡಿದಿದ್ದ ನನಗೆ ಅದು ಗೊತ್ತಾಗುತ್ತಿತ್ತು. ಆದರೂ ಅವನು ಜಗ್ಗಲಿಲ್ಲ, ನಾನು ಸಿಟ್ಟಿನಿಂದ ಹರಪನಹಳ್ಳಿಗೆ ವಾಪಸು ಬಂದುಬಿಟ್ಟೆ.

ಶನಿವಾರ ಮನಸ್ಸು ತಡೆಯದೆ ಮತ್ತೆ ಬಂದೆ. ಹಗಲೆಲ್ಲ ಮಲಗಿಯೇ ಇರುತ್ತಾನೆ ಎಂದಳು ಅವ್ವ. ಅವನನ್ನು ನಗಿಸೋಣವೆಂದು ಪಕ್ಕದಲ್ಲಿ ಕೂತು, "ಲೇ, ಕರೆಂಟಣ್ಣ ಬೆಂಕಿ ಮನಿಯವನು, ತಿಳೀತಾ?" ಎಂದೆ.

"ಹ್ಞೂಂ. ಬೆಂಕಿ," ಎಂದ.

"ಗೋಡೆಯಕ್ಕ?"

"ಬೆಂಕಿ."

"ಗುಡುಗಜ್ಜಿ?"

ನನ್ನನ್ನೇ ನೋಡಿದ. "ಯಾರಾಕಿ?" ಎಂದ.

ಬಾಗಿಲಲ್ಲಿದ್ದ ಅವ್ವನಿಗೆ ಖುಷಿಯಾಗಿತ್ತು. "ನೋಡು, ಔಷಧಿ ಹತ್ತೈತಿ. ಎಷ್ಟು ತಣ್ಣಗಾಗ್ಯಾನ, ಎದುರು ಮಾತಿಲ್ಲ."

ಅಯ್ಯೋ ದೇವರೇ! ನಾನು ಚೀರಿದ್ದಕ್ಕೆ ಎದುರಿನ ಗ್ಯಾರೇಜಿನ ಚಾಚಾ ಕೈಯಲ್ಲಿದ್ದ ಪಾನಾ ಹಿಡಿದುಕೊಂಡೇ ಓಡಿಬಂದ. ತಮ್ಮನನ್ನು ನೋಡಿದವನೇ ಏನೂ ಕೇಳದೆ ತನ್ನ ಕಾರು ತಂದು ನಿಲ್ಲಿಸಿದ. ಅವ್ವ ಹೊಸ್ತಿಲಿಗೆ ಅಡ್ಡ ನಿಂತಳು.

"ನಾಳಿ ಒಂದಿನ ತಡಿ ತಂಗೀ. ನಾಳಿ ಕುಡದ್ರ ಮುಗೀತು. ಈಗ ಸೂಜಿ ಚುಚ್ಚಿದ್ರ ಎಲ್ಲಾ ವಿಷ ಆಕ್ಕತಿ."

ಹೆತ್ತ ತಾಯಿಯನ್ನು ಕೈಯಿಂದ ತಳ್ಳಿ ಅವನನ್ನು ಹೊರಗೆ ತಂದೆ. ಅವಳು ಅಳುತ್ತ ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತಳು.

ಹರಪನಹಳ್ಳಿ ದಾಟುವಾಗ ತಮ್ಮ ನನ್ನ ತೊಡೆಯ ಮೇಲೆ ಕಣ್ಣು ಬಿಟ್ಟ. ಹಳೆಯ ತಮ್ಮನೇ ನೋಡುತ್ತಿದ್ದ.

"ಯಕ್ಕಾ, ನನ್ನ ಅಡ್ಮಿಷನ್ ಏನಾತು? ಯಾವ ಮನಿ ನಾನು?"

ಉತ್ತರ ನನ್ನ ಬಾಯಲ್ಲೇ ಇತ್ತು. ಆದರೆ ಇಷ್ಟು ವರ್ಷ ಹೇಳದ್ದನ್ನು ಈಗ ಹೇಳಿದರೆ ತಾನು ಸಾಯುತ್ತೇನೆಂದು ತಿಳಿದುಕೊಳ್ಳುತ್ತಾನೆ ಅನ್ನಿಸಿತು. "ಮೊದ್ಲು ಆರಾಮಾಗು. ಆಮ್ಯಾಲೆ ಹೇಳ್ತೀನಿ," ಎಂದೆ. ಅವನು ಮೂಗು ಮುರಿದು ಕಣ್ಣು ಮುಚ್ಚಿದ.

ದಾವಣಗೆರೆಯ ಡಾಕ್ಟರು ರಕ್ತದ ರಿಪೋರ್ಟು ನೋಡಿ, ಲಿವರ್ ಪೂರ್ತಿ ಕೆಟ್ಟಿದೆ, ಅದು ಮಿದುಳಿಗೂ ಏರಿದೆ, ತಡವಾಗಿದೆ ಎಂದರು. ಮರುದಿನ ಅವ್ವ ಯಾರ ಕೈಲೋ ಮೂರನೆಯ ಸಲದ ರಸವನ್ನು ಬಾಟಲಿಯಲ್ಲಿ ತರಿಸಿಕೊಂಡಳು. ತುಟಿಗಾದರೂ ಹಚ್ಚಿರೆಂದು ಐಸಿಯುವಿನ ನರ್ಸಿಗೆ ಕೈ ಮುಗಿಯುತ್ತಿದ್ದಳು. ಅವಳು ಹಾಗೆ ನಿಂತಿರುವಾಗಲೇ ಒಳಗೆ ಅವನ ಜೀವ ಹೋಯಿತು.

ಮಣ್ಣಿಗೆ ಬಂದ ನೆಂಟರು ಆಸ್ಪತ್ರೆಗೆ ಮೊದಲೇ ಒಯ್ಯಬೇಕಿತ್ತು ಎಂದರು. ಆ ಮುದುಕನ ವಿಳಾಸ ಕೊಟ್ಟವರೂ ಅವರಲ್ಲಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾನು ಅವ್ವನ ಜೊತೆ ಮಾತು ಬಿಟ್ಟೆ. ಒಂದೇ ಮನೆಯಲ್ಲಿ ಓಡಾಡುತ್ತ ಅವಳ ಮುಖ ನೋಡುತ್ತಿರಲಿಲ್ಲ. ಅವಳು ಇನ್ನೂ ಉಪ್ಪಿಲ್ಲದೆ ಉಣ್ಣುತ್ತಿದ್ದಳು. ಅದನ್ನು ಕಂಡರೂ ನನಗೆ ಕರುಣೆ ಬರಲಿಲ್ಲ, ಸಿಟ್ಟೇ ಬಂತು.

ಒಂದು ಮಧ್ಯಾಹ್ನ ತಾಟಿನ ಮುಂದೆ ಕೂತವಳು ಅವಳಾಗಿಯೇ ಕೇಳಿದಳು. "ನಿಮ್ಮ ಆ ಆಟದಾಗ ಹೆದರಿದಾಗ ಏನ್ ಮಾಡ್ತಾರ ಅಂತ ನೋಡ್ತಿದ್ರಲ್ಲ. ನಾನು ಯಾವ ಮನಿ?"

"ಕಲ್ಲು," ಎಂದೆ. ನೋಯಿಸಬೇಕೆಂದೇ ಹೇಳಿದೆ.

ಅವಳು ತಲೆಯಾಡಿಸಿದಳು. "ಮತ್ತ ಅವ?"

"ಅವನೂ ಕಲ್ಲೇ ಯವ್ವಾ. ನಿನ್ನ ಸಲುವಾಗಿ ನಿಂತಲ್ಲೇ ನಿಂತ."

"ಅವನಿಗೆ ಹೇಳಿದ್ಯೇನು?"

"ಇಲ್ಲ."

"ಕೇಳಿದ್ನಲ್ಲ ಕಾರಿನಾಗ. ಯಾಕ ಹೇಳ್ಲಿಲ್ಲ?"

"ಆರಾಮಾಗ್ಲಿ ಅಂತ ಕಾದೆ."

ಅವನು ಹೋದ ಮೇಲೆ ಅವ್ವ ಮೊದಲ ಸಲ ನನ್ನ ಮುಖವನ್ನು ನೇರ ನೋಡಿದಳು.

"ನಾನೂ ಆರಾಮಾಗ್ಲಿ ಅಂತನ ಕಾದೆ, ತಂಗೀ," ಎಂದಳು.