ಮೂರನೇ ಗೇರು ಕಾಣದ ಜೀಪು

ಅರ್ವೈಖೇರ್ ಪೇಟೆಯಲ್ಲಿ ಆಟೋಮ್ಯಾಟಿಕ್ ಗೇರಿನ ಹಳೆಯ ಗಾಡಿ ಕೆಟ್ಟರೆ ಜನ ನನ್ನ ಹೆಂಡತಿ ದುಲ್ಮಾಳನ್ನು ಹುಡುಕಿಕೊಂಡು ಬರುತ್ತಾರೆ. ಗಣಿಯ ಲಾರಿಗಳನ್ನು ಹದಿನೆಂಟು ವರ್ಷ ರಿಪೇರಿ ಮಾಡಿದವಳು ಅವಳು.

ಹಿಂದಿನ ವರ್ಷ, ಹಿಮ ಬೀಳುವುದಕ್ಕೆ ಸ್ವಲ್ಪ ಮುಂಚೆ, ದನದ ಡಾಕ್ಟರು ಚೋಯ್ಜಿಲ್ ತಮ್ಮ ಇಪ್ಪತ್ತೈದು ವರ್ಷದ ಆಟೋಮ್ಯಾಟಿಕ್ ಜೀಪನ್ನು ತೆವಳಿಸಿಕೊಂಡು ಬಂದರು. ಅದು ಎರಡನೇ ಗೇರು ದಾಟುತ್ತಿರಲಿಲ್ಲ.

"ರಾಜಧಾನಿಯಲ್ಲಿ ಇಬ್ಬರು ಮೆಕ್ಯಾನಿಕ್ಕುಗಳನ್ನ ಕೇಳ್ದೆ ತಂಗಿ. ಗೇರ್‌ಬಾಕ್ಸೇ ಹೋಗಿದೆ, ಬೇರೆ ಹಾಕ್ಸು ಅಂದ್ರು."

"ಅವರು ಓಡಿಸಿ ನೋಡಿದ್ರಾ?"

"ಎಲ್ಲಿ! ಬಾನೆಟ್ಟೂ ಎತ್ತಲಿಲ್ಲ."

ದುಲ್ಮಾ ಗೇರ್ ಎಣ್ಣೆಯ ಕಡ್ಡಿ ಎಳೆದು ಮೂಸಿದಳು. ಎಣ್ಣೆ ಕೆಂಪಗಿತ್ತು, ಸುಟ್ಟ ವಾಸನೆ ಇರಲಿಲ್ಲ.

"ಒಳಗೇನೂ ಸುಟ್ಟಿಲ್ಲ ಅಣ್ಣ. ಹತ್ತಿ, ಒಂದು ಸುತ್ತು ಹೋಗೋಣ."

ನಾನೂ ಹಿಂದೆ ಕೂತೆ. ಜೀಪು ಅರಚುತ್ತ ಹೊರಟಿತು. ಸ್ವಲ್ಪ ದೂರ ಹೋಗುತ್ತಲೇ ಅವಳು ಕೇಳಿದಳು: "ಸ್ಪೀಡು ತೋರಿಸೋ ಮುಳ್ಳು ಅಲ್ಲಾಡ್ತಾನೇ ಇಲ್ಲವಲ್ಲ, ಯಾವಾಗಿಂದ?"

"ಗೇರು ಕೆಟ್ಟಾಗಲೇ ಅದೂ ಕೆಟ್ಟಿದ್ದು. ಹೋದ್ರೆ ಹೋಗ್ಲಿ ಅಂತ ಬಿಟ್ಟೆ."

"ಎಷ್ಟು ವೇಗ ಅಂತ ಗೊತ್ತಾಗದಿದ್ರೆ ಗಾಡಿ ತಾನಾಗೇ ಗೇರು ಏರಿಸೋದು ಹೇಗಣ್ಣ?"

ವಾಪಸ್ ಬಂದು ಅವಳು ಜೀಪಿನಡಿ ನುಗ್ಗಿದಳು. ವೇಗ ಅಳೆಯುವ ಸೆನ್ಸರಿನ ತಂತಿ ಕಲ್ಲೇಟಿಗೆ ತುಂಡಾಗಿತ್ತು. ಅದನ್ನು ಬೆಸೆದು, ಭದ್ರವಾಗಿ ಸುತ್ತಿದಳು. ಮತ್ತೆ ಹೊರಟಾಗ ಮುಳ್ಳು ಎದ್ದಿತು. ಮೂರನೇ ಗೇರು, ನಾಲ್ಕನೆಯದು, ಒಂದರ ಹಿಂದೊಂದು ಸಲೀಸಾಗಿ ಬಿದ್ದವು.

"ನಾನು ಕುರೀನೂ ಇಷ್ಟು ತಾಳ್ಮೆಯಿಂದ ನೋಡಲ್ಲ ಕಣಮ್ಮ!" ಎಂದು ಡಾಕ್ಟರು ನಕ್ಕರು.

ವಾರದ ಮೇಲೆ ರಾಜಧಾನಿಯ ಆ ಮೆಕ್ಯಾನಿಕ್ಕುಗಳಲ್ಲೊಬ್ಬ ಡಾಕ್ಟರಿಂದ ಸುದ್ದಿ ತಿಳಿದು ನಮಗೆ ಫೋನ್ ಮಾಡಿ, ಅದು ಸರಿಹೋಗಿದ್ದು ಹೇಗೆಂದು ಕೇಳಿದ. ಫೋನು ಎತ್ತಿದವನು ನಾನು.

"ತಾಳಪ್ಪ, ಮೇಷ್ಟ್ರನ್ನ ಕರೀತೀನಿ" ಎಂದು ದುಲ್ಮಾಳ ಕೈಗೆ ಕೊಟ್ಟೆ.