ನರ್ಸಮ್ಮನ ಬೈಗುಳ

ದೇವರಾಯಸಮುದ್ರದ ನರ್ಸಮ್ಮ ಅನಂತಲಕ್ಷ್ಮಿ ತಿಂಗಳಿಗೊಮ್ಮೆ ಹೊಂಗೆಮರಕ್ಕೆ ತಕ್ಕಡಿ ತೂಗುಹಾಕಿದಳೆಂದರೆ ಬೈಗುಳದ ಸಂತೆಯೇ ನೆರೆಯಿತೆನ್ನಿ. ಮಗುವನ್ನು ತೂಗಿದರೆ ದೃಷ್ಟಿ ತಾಕುತ್ತದೆಂದು ಅಂಜುವ ತಾಯಂದಿರಿಗಾಗಿ, ಮೈತುಂಬಿದ ಕೂಸನ್ನೆಲ್ಲ ಆಕೆ “ಥೂ, ಒಣಗಿದ ಬದನೇಕಾಯಿ!” ಎಂದು ಜರೆಯುವಳು. ಸೊರಗಿದ ಕೂಸನ್ನು ಮಾತ್ರ, ತಾಯಿ ಎದೆಗುಂದದಿರಲೆಂದು ಹೊಗಳುವಳು; ಹಿಂದೆಯೇ ಆ ಮನೆಗೆ ಹೋಗಿ, ತಾಯಿ ಸೊಪ್ಪಿನ ಸಾರಿನಲ್ಲಿ ಮುದ್ದೆ ನುಂಗುವವರೆಗೂ ಹೊಸಿಲು ಬಿಟ್ಟು ಏಳಳು, “ಮೂರು ವರ್ಸ ಇನ್ನೊಂದು ಬೇಡ ಕಣೇ” ಎಂದು ಅತ್ತೆಗೂ ಕೇಳುವಂತೆ ಸಾರುವಳು. ಹೀಗಾಗಿ ಅವಳ ಹೊಗಳಿಕೆಗೆ ಊರೇ ನಡುಗುತ್ತಿತ್ತು. ಅಶ್ವತ್ಥಮ್ಮನ ಮೊಮ್ಮಗಳಿಗೆ ಸತತ ಮೂರು ತಿಂಗಳು “ಬಂಗಾರದ ಬೊಂಬೆ” ಎಂಬ ಮಾತೇ ಸಿಕ್ಕಿ, ಮನೆಯವರು ತಾಯಿಯ ತಟ್ಟೆಗೆ ದಿನವೂ ಇನ್ನೊಂದು ಮುದ್ದೆ ಹಾಕತೊಡಗಿದರು. ನಾಲ್ಕನೆಯ ತಿಂಗಳು ತಕ್ಕಡಿಯ ಮುಳ್ಳು ನೋಡಿದ ನರ್ಸಮ್ಮ ಕಣ್ಣೊರೆಸಿಕೊಂಡು, “ಏನೇ ಇದು, ಕೋತಿಮರಿ!” ಎಂದಳು. ಅಶ್ವತ್ಥಮ್ಮ ಕುಣಿದಾಡಿಬಿಟ್ಟಳು: “ಇನ್ನೊಂದ್ಸಲ ಬೈಯಮ್ಮಾ, ನಿನ್ ಹೊಟ್ಟೆ ತಣ್ಣಗಿರ್ಲಿ!”